ಕೇಳಿದರೆ ಚಿಕಿತ್ಸೆ ಕೆಡುತ್ತದಾ?

ಪ್ರಶ್ನೆ: ನಾವು ಬೆಳ್ತಂಗಡಿ ತಾಲೂಕಿನವರು. ಬಿಪಿಎಲ್ ಕಾರ್ಡ್ ಉಂಟು. ನಾನು ಮತ್ತು ಅತ್ತೆ ಬೀಡಿ ಕಟ್ಟುತ್ತೇವೆ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಮಾವನಿಗೆ ಜೋರು ಎದೆನೋವು ಬಂತು. ನೆರೆಮನೆಯವರ ಓಮ್ನಿಯಲ್ಲಿ ಮಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ಕೌಂಟರಿನಲ್ಲಿ 50 ಸಾವಿರ ಮುಂಗಡ ಕಟ್ಟಿ ಎಂದರು. ಆಯುಷ್ಮಾನ್ ಕಾರ್ಡ್ ತೋರಿಸಿದೆವು. ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇಲ್ಲದೆ ಅದು ನಡೆಯುವುದಿಲ್ಲ ಎಂದರು. ಗೊತ್ತಿದ್ದವರಿಂದ ಹಣ ಹೊಂದಿಸಿ ಕಟ್ಟಿದೆವು. ಆಮೇಲೆ ಬಳೆ ಸೊಸೈಟಿಯಲ್ಲಿ ಅಡವಿಟ್ಟು ಆ ಸಾಲ ತೀರಿಸಿದ್ದಾಯಿತು. ಇಂಗ್ಲಿಷಿನಲ್ಲಿದ್ದ ನಾಲ್ಕೈದು ಕಾಗದಕ್ಕೆ ಸೈನ್ ಹಾಕಿದೆವು. ಸ್ಟೆಂಟ್ ಹಾಕಿದರು. ವಾರ್ಡಿನಲ್ಲಿ ಕಲಿಯುವ ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಬಂದು ಮಾವನನ್ನು ಪರೀಕ್ಷೆ ಮಾಡಿದರು. ಯಾವುದೋ ಅಧ್ಯಯನಕ್ಕೆ ಅಂತ ಇನ್ನೊಂದು ಸೈನ್ ತೆಗೆದುಕೊಂಡರು. ಈಗ ಮಾತ್ರೆಯ ಖರ್ಚು ತಡೆಯಲು ಆಗುವುದಿಲ್ಲ, ಒಂದೆರಡು ಬಿಡಬಹುದಾ ಎಂದು ಮಾವ ಕೇಳುತ್ತಿದ್ದಾರೆ. ಮುಂಗಡ ಕೇಳಿದ್ದು ಸರಿಯಾ? ಸೈನ್ ಹಾಕಿ ನಾವು ತಪ್ಪು ಮಾಡಿದೆವಾ? ಇದನ್ನೆಲ್ಲ ಆಗಲೇ ಕೇಳಬೇಕಿತ್ತು. ಆದರೆ ಕೇಳಿದರೆ ಡಾಕ್ಟರಿಗೆ ಸಿಟ್ಟು ಬಂದು ಚಿಕಿತ್ಸೆ ಕೆಡುತ್ತದೋ ಎಂದು ಹೆದರಿ ಸುಮ್ಮನಿದ್ದೆವು.

ಉತ್ತರ: ನಿಮ್ಮ ಮಾವ ಮನೆಗೆ ಬಂದು ಓಡಾಡುತ್ತಿದ್ದಾರಲ್ಲ, ಅದು ದೊಡ್ಡ ವಿಷಯ. ಆ ರಾತ್ರಿ ತಡಮಾಡದೆ ಹೊರಟಿರಿ, ಅದರಿಂದಲೇ ಅವರು ಉಳಿದರು ಅಂತ ನನಗನಿಸುತ್ತದೆ.

ನಿಮ್ಮ ಪತ್ರದ ಕೊನೆಯ ಸಾಲಿನಿಂದ ಶುರು ಮಾಡುತ್ತೇನೆ. ಉಳಿದ ಪ್ರಶ್ನೆಗಳೆಲ್ಲ ಅದರ ಹಿಂದೆಯೇ ನಿಂತಿವೆ.

ಕೇಳಿದರೆ ಚಿಕಿತ್ಸೆ ಕೆಡುತ್ತದಾ? ಇಲ್ಲ. ತುರ್ತು ವಿಭಾಗದಲ್ಲಿ ಎದೆನೋವಿನ ರೋಗಿ ಬಂದರೆ ಇಸಿಜಿ, ರಕ್ತ ಪರೀಕ್ಷೆ, ಆಸ್ಪಿರಿನ್, ಆಮೇಲೆ ಸ್ಟೆಂಟ್ ಹಾಕುವ ಕೋಣೆಯಾದ ಕ್ಯಾಥ್ ಲ್ಯಾಬ್ ಎಂದು ಒಂದು ಕ್ರಮ ಇರುತ್ತದೆ. ಅಲ್ಲಿ ಕೆಲಸ ಮಾಡುವ ಡ್ಯೂಟಿ ಡಾಕ್ಟರು, ನರ್ಸ್‌ಗಳಿಗೆ ಕೆಳಗೆ ಕೌಂಟರಿನಲ್ಲಿ ನೀವು ಏನು ಮಾತಾಡಿದಿರಿ ಎಂಬುದು ಎಷ್ಟೋ ಸಲ ತಿಳಿದೇ ಇರುವುದಿಲ್ಲ. ಒರಟಾಗಿ ಉತ್ತರ ಕೊಡುವವರು ಇದ್ದಾರೆ, ಇಲ್ಲ ಎಂದು ನಾನು ಹೇಳುವುದಿಲ್ಲ. ಮುಖ ಸಿಂಡರಿಸುವವರೂ ಇದ್ದಾರೆ. ಆದರೆ ಪ್ರಶ್ನೆ ಕೇಳಿದ ಮನೆಯವರ ಮೇಲಿನ ಸಿಟ್ಟನ್ನು ರೋಗಿಯ ಮೇಲೆ ತೀರಿಸಿಕೊಳ್ಳುವ ವೈದ್ಯರನ್ನು ನಾನು ಇಷ್ಟು ವರ್ಷಗಳಲ್ಲಿ ನೋಡಿಲ್ಲ.

ಹಾಗಾದರೆ ಈ ಹೆದರಿಕೆ ಎಲ್ಲಿಂದ ಬರುತ್ತದೆ? ಕಾರಿನಲ್ಲಿ ಬಂದವರು ಅದೇ ಕೌಂಟರಿನಲ್ಲಿ ನಿಂತು, ‘ಎಸ್ಟಿಮೇಟ್ ಬರೆದು ಕೊಡಿ, ಇನ್ಶೂರೆನ್ಸ್ ಡೆಸ್ಕ್ ಎಲ್ಲಿ?’ ಎಂದು ಕೇಳುತ್ತಾರೆ. ಅವರಿಗೆ ಹೆದರಿಕೆ ಇಲ್ಲ. ಹಣ ಕೊಡುತ್ತಿದ್ದೇವೆ, ಕೇಳುವ ಹಕ್ಕಿದೆ ಎಂಬ ಧೈರ್ಯ. ನಿಮಗೆ ಮಾತ್ರ ಯಾರದೋ ಉಪಕಾರ ಪಡೆಯುತ್ತಿದ್ದೇವೆ ಎಂಬ ಭಾವನೆ. ಆ ರಾತ್ರಿ ನೀವೂ 50 ಸಾವಿರ ಕಟ್ಟಿದಿರಿ, ಅಲ್ವಾ? ಆದರೂ ಬಾಯಿ ಬರಲಿಲ್ಲ.

ಈ ಲೆಕ್ಕ ತಲೆಕೆಳಗಾಗಿದೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ 1848ರಷ್ಟು ಹಳೆಯದು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಯಿತು. ಆಗ ನಮ್ಮ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು. ಖಾಸಗಿ ಕಾಲೇಜಿನ ವಿದ್ಯಾರ್ಥಿಗಳು ರೋಗಿಗಳನ್ನು ನೋಡಿ ಕಲಿತದ್ದು ಸರಕಾರಿ ವೆನ್‌ಲಾಕ್‌ನಲ್ಲಿ, ಹೆರಿಗೆಗೆ ಲೇಡಿ ಗೋಷನ್‌ನಲ್ಲಿ. ಅಲ್ಲಿ ಮಲಗಿದ್ದವರು ಯಾರು? ಹಂಚಿನ ಕಾರ್ಖಾನೆಯವರು, ಬೀಡಿ ಕಟ್ಟುವವರು, ಬಂದರಿನ ಕೂಲಿಗಳು, ಮೀನುಗಾರರ ಮನೆಯವರು. ಅವರ ಹೊಟ್ಟೆ ಮುಟ್ಟಿ, ಎದೆ ಬಡಿತ ಕೇಳಿ ಕಲಿತ ಡಾಕ್ಟರುಗಳು ಇವತ್ತು ಲೋಕದ ತುಂಬ ಇದ್ದಾರೆ. ನಾನೂ ಹಾಗೆಯೇ ಕಲಿತವನು. ಈಗ ದಕ್ಷಿಣ ಕನ್ನಡ ಒಂದರಲ್ಲೇ ಎಂಟರಷ್ಟು ಮೆಡಿಕಲ್ ಕಾಲೇಜುಗಳಿವೆ. ಎಲ್ಲವೂ ಖಾಸಗಿ. ಆ ಕಾಲೇಜುಗಳ ಜನರಲ್ ವಾರ್ಡುಗಳಲ್ಲಿ ಮಲಗುವವರು ಇಂದಿಗೂ ನಿಮ್ಮಂಥವರೇ. ಈ ಊರಿನ ವೈದ್ಯಕೀಯ ವಿದ್ಯೆ ನಿಂತಿರುವುದೇ ನಿಮ್ಮ ಮೈಮೇಲೆ. ಸಾಲ ಇರುವುದು ವೈದ್ಯರಾದ ನಮ್ಮ ಕಡೆ. ಅದಕ್ಕೇ ನೀವು ಕೇಳುವ ಒಂದೊಂದು ಪ್ರಶ್ನೆಗೂ ಉತ್ತರ ಕೊಡುವುದು ನಮ್ಮ ಕರ್ತವ್ಯ, ಉಪಕಾರ ಅಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ನೀವು ಕೇಳುವವರೆಗೆ ಕಾಯಬಾರದು. ಕಾರ್ಡ್ ಇದೆಯಾ ಎಂದು ಆಸ್ಪತ್ರೆಯೇ ಮೊದಲು ಕೇಳಬೇಕು.

ಈಗ ಆ ರಾತ್ರಿಯ ಕೌಂಟರಿಗೆ ಬರೋಣ.

ಜೀವಕ್ಕೆ ಅಪಾಯ ಇರುವಾಗ ಮುಂಗಡಕ್ಕಾಗಿ ರೋಗಿಯನ್ನು ಕಾಯಿಸಬಾರದು. ಪರಮಾನಂದ ಕಟಾರ ಪ್ರಕರಣದಲ್ಲಿ 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಸರಕಾರಿ ಇರಲಿ, ಖಾಸಗಿ ಇರಲಿ, ಜೀವ ಉಳಿಸುವುದು ವೈದ್ಯರ ಮೊದಲ ಕೆಲಸ. ನಮ್ಮ ರಾಜ್ಯದಲ್ಲಿ ಕೆಪಿಎಂಇ ಎಂದು ಕರೆಯುವ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ. 2017ರಲ್ಲಿ ಅದಕ್ಕೆ ತಿದ್ದುಪಡಿ ತಂದಾಗ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಆ ತಿದ್ದುಪಡಿಯಲ್ಲೇ ರೋಗಿಗಳ ಹಕ್ಕಿನ ಸನ್ನದು ಬಂತು. ತುರ್ತಿನಲ್ಲಿ ಮುಂಗಡಕ್ಕೆ ಹಠ ಹಿಡಿಯಬಾರದು, ಬಿಲ್ ಬಾಕಿ ಇದೆ ಎಂದು ಮೃತದೇಹ ತಡೆದಿಟ್ಟುಕೊಳ್ಳಬಾರದು ಎಂಬುದೂ ಬಂತು. ಬಾಕಿ ಹಣವನ್ನು ಆಸ್ಪತ್ರೆ ಆಮೇಲೆ ವಸೂಲು ಮಾಡಿಕೊಳ್ಳಬಹುದು, ಅದಕ್ಕೆ ದಾರಿ ಇದೆ. ಆದರೆ ಬಾಗಿಲಲ್ಲಿ ನಿಲ್ಲಿಸುವಂತಿಲ್ಲ.

ರೆಫರಲ್ ಪತ್ರದ ಮಾತು ಪೂರ್ತಿ ಸುಳ್ಳಲ್ಲ. ಅರ್ಧ ಸತ್ಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಒಂದೊಂದು ಚಿಕಿತ್ಸೆಗೆ ಯೋಜನೆ ಕಟ್ಟಿದ ದರದ ಶೇ. 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ಪತ್ರ ಕೊಡುತ್ತಾರೆ. ಮೊಣಕಾಲು ಬದಲಿಸುವುದಕ್ಕೋ, ಕಾಯಬಹುದಾದ ಬೇರೆ ಆಪರೇಷನ್ನಿಗೋ ಈ ನಿಯಮದಲ್ಲಿ ಅರ್ಥ ಇದೆ. ಇಲ್ಲದಿದ್ದರೆ ಯೋಜನೆಯ ಹಣವೆಲ್ಲ ಖಾಸಗಿಗೆ ಹರಿದು, ಸರಕಾರಿ ಆಸ್ಪತ್ರೆ ಬಡಕಲಾಗುತ್ತದೆ. ಆದರೆ ತುರ್ತು ಚಿಕಿತ್ಸೆಗಳಿಗೆಂದು ಯೋಜನೆಯಲ್ಲೇ ಬೇರೆ ಪಟ್ಟಿ ಇದೆ. ಅದರಲ್ಲಿರುವುದಕ್ಕೆ ರೆಫರಲ್ ಬೇಡ. ಯೋಜನೆಯಲ್ಲಿ ನೋಂದಾಯಿಸಿದ ಯಾವ ಆಸ್ಪತ್ರೆಗೂ ನೇರ ಹೋಗಬಹುದು. ಎದೆ ಹಿಡಿದುಕೊಂಡು ಬೆವರುತ್ತಿರುವ ಮನುಷ್ಯನ ಮನೆಯವರಿಗೆ ‘ಪತ್ರ ತನ್ನಿ’ ಎನ್ನುವುದು ಯೋಜನೆಯ ಉದ್ದೇಶವೇ ಅಲ್ಲ.

ನೀವು ಹೋದ ಆಸ್ಪತ್ರೆ ನೋಂದಾಯಿತವೇ ಎಂಬುದು ನಿಮ್ಮ ಪತ್ರದಿಂದ ತಿಳಿಯುವುದಿಲ್ಲ. ಅದನ್ನು ಮೊದಲು ವಿಚಾರಿಸಿ. ನೋಂದಾಯಿತವಾಗಿದ್ದರೆ ಅಲ್ಲಿ ‘ಆರೋಗ್ಯ ಮಿತ್ರ’ ಎಂಬ ಒಬ್ಬರು ಇರಲೇಬೇಕು. ಕಾರ್ಡಿನ ಕೆಲಸ ಮಾಡಿಕೊಡುವವರು ಅವರೇ. ರಾತ್ರಿ ಹೊತ್ತು ಅವರ ಕುರ್ಚಿ ಖಾಲಿ ಇತ್ತು ಎಂಬ ಕಾರಣಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. ಯೋಜನೆಯಲ್ಲಿ ಇಲ್ಲದ ಆಸ್ಪತ್ರೆಯಾಗಿದ್ದರೆ ಕಾರ್ಡ್ ನಡೆಯುವುದಿಲ್ಲ, ನಿಜ. ಆಗಲೂ ಪ್ರಥಮ ಚಿಕಿತ್ಸೆ ಕೊಟ್ಟು, ಜೀವಕ್ಕೆ ಭದ್ರ ಮಾಡಿ, ಕಾರ್ಡ್ ನಡೆಯುವ ಆಸ್ಪತ್ರೆಗೆ ಕಳಿಸುವ ದಾರಿ ಹೇಳಬೇಕಿತ್ತು.

ಆಸ್ಪತ್ರೆಗಳ ಕಷ್ಟವನ್ನೂ ಹೇಳದಿದ್ದರೆ ನ್ಯಾಯ ಆಗುವುದಿಲ್ಲ. ಪ್ಯಾಕೇಜ್ ದರ ಕಡಿಮೆ, ಸರಕಾರದಿಂದ ಹಣ ಬರುವುದು ತಡ ಎಂಬ ದೂರು ಹಳೆಯದು, ಅದರಲ್ಲಿ ಹುರುಳಿದೆ. ತಿಂಗಳ ಕೊನೆಗೆ ಸಂಬಳ ಕೊಡಬೇಕಾದ ಸಣ್ಣ ಆಸ್ಪತ್ರೆಗೆ ಬಾಕಿ ಬಿಲ್ ದೊಡ್ಡ ತಲೆನೋವು. ಆದರೆ ಅದು ಆಸ್ಪತ್ರೆಗೂ ಸರಕಾರಕ್ಕೂ ನಡುವಿನ ವ್ಯವಹಾರ. ಅದನ್ನು ಮಧ್ಯರಾತ್ರಿ ಬೀಡಿ ಕಟ್ಟುವ ಹೆಂಗಸಿನ ಬಳೆಯ ಮೇಲೆ ತೀರಿಸಿಕೊಳ್ಳುವುದು ತಪ್ಪು. ಇದರಲ್ಲಿ ನನಗೆ ಎರಡು ಮಾತಿಲ್ಲ.

ನಿಮ್ಮ ಬಿಲ್ಲನ್ನು ಒಮ್ಮೆ ಹೊರಗೆ ತೆಗೆಯಿರಿ. ಸ್ಟೆಂಟ್ ಎಂದರೆ ಹೃದಯದ ರಕ್ತನಾಳ ಮುಚ್ಚದಂತೆ ಒಳಗೆ ಇಡುವ ಸಣ್ಣ ಬಲೆಯಂಥ ಕೊಳವೆ. ಅದರ ಬೆಲೆ ಬೇರೆಯಾಗಿ ಬರೆದಿದ್ದಾರಾ ನೋಡಿ. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ದರ ಪ್ರಾಧಿಕಾರ ಸ್ಟೆಂಟಿಗೆ ಗರಿಷ್ಠ ಬೆಲೆ ಕಟ್ಟಿತು. ಲೋಹದ ಸಾದಾ ಸ್ಟೆಂಟಿಗೆ 7,260 ರೂ., ಔಷಧಿ ಲೇಪಿಸಿದ್ದಕ್ಕೆ 29,600 ರೂ., ತೆರಿಗೆ ಬಿಟ್ಟು. ಆಮೇಲೆ ಆ ಬೆಲೆ ಪರಿಷ್ಕರಣೆಯಾಗಿ ಏರಿದೆ. ಅದಕ್ಕೂ ಮುಂಚೆ ಒಂದು ಸ್ಟೆಂಟಿಗೆ ಲಕ್ಷದ ಮೇಲೆ ತೆತ್ತವರಿದ್ದಾರೆ. ಸ್ಟೆಂಟಿನ ಬೆಲೆ, ಕಂಪನಿ ಹೆಸರು, ಬ್ಯಾಚ್ ನಂಬರ್ ಬಿಲ್ಲಿನಲ್ಲಿ ಬೇರೆಯಾಗಿ ಕಾಣಬೇಕು ಎಂಬುದು ನಿಯಮ. ‘ಪ್ರೊಸೀಜರ್ ಚಾರ್ಜ್’ ಎಂದು ಒಂದೇ ಸಾಲಿನಲ್ಲಿ ಎಲ್ಲ ಸೇರಿಸಿದ್ದರೆ ವಿವರವಾದ ಬಿಲ್ ಕೇಳಿ.

ದೂರದ ಮಾತೂ ಇಲ್ಲಿ ಬರುತ್ತದೆ. ಬೆಳ್ತಂಗಡಿಯಿಂದ ಮಂಗಳೂರಿಗೆ 60 ಕಿಲೋಮೀಟರ್ ಹತ್ತಿರ. ಮಳೆಗಾಲದ ರಾತ್ರಿ, ನಿಮ್ಮ ಹಳ್ಳಿಯ ಒಳರಸ್ತೆ ಬೇರೆ. ಹೃದಯದ ರಕ್ತನಾಳ ಮುಚ್ಚಿದಾಗ ಎರಡು ಗಂಟೆಯೊಳಗೆ ಸ್ಟೆಂಟ್ ಹಾಕುವಲ್ಲಿಗೆ ಮುಟ್ಟಲು ಆಗದಿದ್ದರೆ, ಹತ್ತಿರದಲ್ಲೇ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಮುಂದೆ ಕಳಿಸುವುದು ಒಳ್ಳೆಯದು. ಇದಕ್ಕೆಂದೇ ರಾಜ್ಯ ಸರಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದಿದೆ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಕಳಿಸುತ್ತಾರೆ. ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ ಉಚಿತ. ನಮ್ಮಲ್ಲಿ ಅದಕ್ಕೂ ಮುಂಚೆಯೇ ಮಂಗಳೂರಿನ ಹೃದಯ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸಾಪಿನಲ್ಲಿ ವರದಿ ನೋಡಿ ಸಲಹೆ ಕೊಡುವ ಕೆಲಸ ಶುರು ಮಾಡಿದ್ದರು. ನಗರದವನಿಗೆ ಸಿಗುವ ಗಂಟೆ ಹಳ್ಳಿಯವನಿಗೂ ಸಿಗಬೇಕು ಎಂದರೆ ಇಂಥದ್ದೇ ಬೇಕು. ಮುಂದೆ ಯಾರಿಗಾದರೂ ಎದೆನೋವು ಬಂದರೆ 108ಕ್ಕೆ ಫೋನ್ ಮಾಡಿ, ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿಯೇ ಮುಂದೆ ಹೋಗಿ. ರೆಫರಲ್ ಪತ್ರವೂ ಅಲ್ಲೇ ಕೈಗೆ ಬರುತ್ತದೆ.

ಸೈನ್ ಹಾಕಿ ತಪ್ಪು ಮಾಡಿದೆವಾ ಎಂದು ಕೇಳಿದ್ದೀರಿ. ಇಲ್ಲ. ಆ ಹೊತ್ತಿನಲ್ಲಿ ಕೂತು ಪ್ರತಿ ಪುಟ ಓದಿ ಹೇಳುವಷ್ಟು ಸಮಯ ಡಾಕ್ಟರಿಗೂ ಇರಲಿಲ್ಲ. ಜೀವ ಉಳಿಸುವ ತುರ್ತಿನಲ್ಲಿ ಕಾನೂನು ಕೂಡ ಅಷ್ಟು ಬಿಗಿಯಾಗಿಲ್ಲ. ಆದರೆ ಒಪ್ಪಿಗೆ ಎಂದರೆ ಕಾಗದದ ಮೇಲಿನ ಸೈನ್ ಮಾತ್ರ ಅಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಏನು ಮಾಡುತ್ತೇವೆ, ಯಾಕೆ, ಅಪಾಯ ಏನು, ಬೇರೆ ದಾರಿ ಏನಿದೆ, ಮಾಡದಿದ್ದರೆ ಏನಾಗುತ್ತದೆ ಎಂದು ತಿಳಿಸಬೇಕು. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗುವುದಿಲ್ಲ. ರೋಗಿಗೆ ಪ್ರಜ್ಞೆ ಇದ್ದರೆ ಒಪ್ಪಿಗೆ ಕೊಡಬೇಕಾದವರು ರೋಗಿಯೇ. ನಮ್ಮಲ್ಲಿ ಮಾವನ ಬದಲು ಮಗನ ಹತ್ತಿರ, ಹೆಂಡತಿಯ ಬದಲು ಗಂಡನ ಹತ್ತಿರ ಸೈನ್ ಹಾಕಿಸುವುದು ರೂಢಿ. ಅದು ಬದಲಾಗಬೇಕು. ಇನ್ನೊಂದು ವಿಷಯ: ಸೈನ್ ಹಾಕಿದಿರಿ ಎಂಬ ಕಾರಣಕ್ಕೆ ದೂರು ಕೊಡುವ ಹಕ್ಕು ಹೋಗುವುದಿಲ್ಲ. ‘ನೀವೇ ಸೈನ್ ಹಾಕಿದ್ದಲ್ವಾ?’ ಎಂದು ಯಾರಾದರೂ ಹೇಳಿದರೆ ಹೆದರಬೇಡಿ.

ಕಲಿಯುವ ಮಕ್ಕಳ ವಿಷಯ. ಅವರು ಕಲಿಯಲೇಬೇಕು, ಇಲ್ಲದಿದ್ದರೆ ನಾಳೆಗೆ ಡಾಕ್ಟರು ಎಲ್ಲಿಂದ ಬರುತ್ತಾರೆ? ಆದರೆ ಕೇಳಿ ಕಲಿಯಬೇಕು. ಹೆಸರು ಹೇಳಬೇಕು, ತಾನು ವಿದ್ಯಾರ್ಥಿ ಎನ್ನಬೇಕು, ಪರೀಕ್ಷೆ ಮಾಡಬಹುದಾ ಎಂದು ಕೇಳಬೇಕು, ಪರದೆ ಎಳೆಯಬೇಕು. ‘ಈಗ ಬೇಡ, ಸುಸ್ತಾಗಿದೆ’ ಎಂದು ಮಾವ ಹೇಳಬಹುದಿತ್ತು. ನನ್ನನ್ನು ಕಾಡುವುದು ಬೇರೆ. ಇದೇ ಮಕ್ಕಳು ಮೇಲಿನ ಸ್ಪೆಷಲ್ ರೂಮಿಗೆ ಹೋದರೆ ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ. ಜನರಲ್ ವಾರ್ಡಿನಲ್ಲಿ ನೇರವಾಗಿ ಬಂದು ಅಂಗಿ ಮೇಲೆತ್ತುತ್ತಾರೆ. ಯಾರೂ ಅವರಿಗೆ ಹಾಗೆ ಹೇಳಿಕೊಟ್ಟಿರುವುದಿಲ್ಲ, ನೋಡಿ ಕಲಿತಿರುತ್ತಾರೆ. ನಾವು ಮೇಷ್ಟ್ರುಗಳು ತಿದ್ದಬೇಕಾದ ಜಾಗ ಅದು.

ಅಧ್ಯಯನದ ಸೈನ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಏಕೆಂದರೆ ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿಯಲ್ಲಿ ನಾನು ಕೂತವನು. ಒಮ್ಮೆ ಒಂದು ವಾರ್ಡಿನಲ್ಲಿ ಪಿ.ಜಿ. ವಿದ್ಯಾರ್ಥಿನಿಯೊಬ್ಬಳು ಒಬ್ಬ ಅಜ್ಜಿಗೆ ಒಪ್ಪಿಗೆ ಪತ್ರ ಓದಿ ಹೇಳುತ್ತಿದ್ದಳು. ಪತ್ರ ಕನ್ನಡದಲ್ಲೇ ಇತ್ತು. ‘ಸ್ವಯಂಪ್ರೇರಿತ’, ‘ಗೌಪ್ಯತೆ’, ‘ಪ್ರತಿಕೂಲ ಪರಿಣಾಮ’ ಎಂಬಂಥ ಪುಸ್ತಕದ ಕನ್ನಡ. ಅಜ್ಜಿಯ ಮನೆಮಾತು ತುಳು. ಎರಡು ಪುಟ ಮುಗಿಯುವವರೆಗೆ ತಾಳ್ಮೆಯಿಂದ ತಲೆ ಆಡಿಸಿದರು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು, ‘ಓಲು ಸೈನ್ ಪಾಡೊಡು?’ (ಎಲ್ಲಿ ಸೈನ್ ಹಾಕಬೇಕು?) ಎಂದರು. ಇದು ಯಾವುದಕ್ಕೆ ಸೈನ್ ಅಂತ ನಾನು ತುಳುವಿನಲ್ಲಿ ಕೇಳಿದೆ. ಮದ್ದು ಕೊಡಲಿಕ್ಕೆ ಎಂದರು. ಸೈನ್ ಹಾಕದಿದ್ದರೆ ಮದ್ದು ಸಿಗುವುದಿಲ್ಲ ಎಂದು ಅವರು ತಿಳಿದಿದ್ದರು. ಆ ಹುಡುಗಿ ಕೆಟ್ಟವಳಲ್ಲ, ಪೂರ್ತಿ ಓದಿಯೇ ಹೇಳಿದ್ದಳು. ನಿಯಮದ ಪ್ರಕಾರ ಎಲ್ಲ ಸರಿ ಇತ್ತು. ಒಪ್ಪಿಗೆ ಮಾತ್ರ ಇರಲಿಲ್ಲ. ಅವಳು ಪತ್ರ ಮಡಚಿ, ಪಕ್ಕದ ಬೆಡ್ಡಿನವರ ಮಗಳನ್ನು ಕರೆದು, ತುಳುವಿನಲ್ಲಿ ಮತ್ತೆ ಮೊದಲಿನಿಂದ ಹೇಳಿಸಿದಳು. ಅಜ್ಜಿ ಕೇಳಿ, ಬೇಡ ಎಂದರು. ಮದ್ದು ಎಂದಿನಂತೆ ಸಿಕ್ಕಿತು.

ನಿಮಗೂ ಅಷ್ಟೇ. ಸಂಶೋಧನೆಗೆ ಸೇರುವುದು ಬಿಡುವುದು ನಿಮ್ಮ ಇಷ್ಟ. ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು, ಕಾರಣ ಹೇಳಬೇಕಾಗಿಲ್ಲ, ಚಿಕಿತ್ಸೆಗೆ ತೊಂದರೆ ಆಗಬಾರದು. ಸೈನ್ ಹಾಕಿದ ಪತ್ರದ ಪ್ರತಿ ಮತ್ತು ಮಾಹಿತಿ ಹಾಳೆ ನಿಮ್ಮ ಕೈಯಲ್ಲಿರಬೇಕು. ಅದರಲ್ಲಿ ಸಂಶೋಧಕರ ಹೆಸರು, ಫೋನ್ ನಂಬರ್ ಇರುತ್ತದೆ. ಬರೀ ಮಾಹಿತಿ ಬರೆದುಕೊಳ್ಳುವ ಅಧ್ಯಯನವೋ, ಹೊಸ ಔಷಧಿಯ ಪ್ರಯೋಗವೋ ಎಂದು ಕೇಳಿ. ಹೆಚ್ಚಿನವು ಮೊದಲನೇ ಥರದವು, ಗಾಬರಿ ಬೇಡ. ಔಷಧಿ ಪ್ರಯೋಗವಾಗಿದ್ದರೆ 2019ರ ನಿಯಮಗಳಿವೆ. ಪ್ರಯೋಗದಿಂದ ಮೈಗೆ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕು, ಪರಿಹಾರಕ್ಕೂ ಅವಕಾಶ ಇದೆ. ನೈತಿಕ ಸಮಿತಿಯಲ್ಲಿ ಕಡಿಮೆ ಎಂದರೆ ಏಳು ಜನ ಇರಬೇಕು, ಅರ್ಧದಷ್ಟು ಜನ ಆ ಸಂಸ್ಥೆಯ ಹೊರಗಿನವರಾಗಿರಬೇಕು, ವೈದ್ಯರಲ್ಲದ ಸಾಮಾನ್ಯರೊಬ್ಬರು ಇರಬೇಕು. ನಿಮ್ಮ ಪರವಾಗಿ ಪ್ರಶ್ನೆ ಕೇಳಲೆಂದೇ ಅವರು ಅಲ್ಲಿ ಕೂರುವುದು. ಆ ಸಮಿತಿಗೂ ನೀವು ನೇರ ಬರೆಯಬಹುದು.

ಇನ್ನು ಮಾಡಬೇಕಾದ್ದು. ಕೇಸ್ ಶೀಟಿನ, ಅಂದರೆ ಚಿಕಿತ್ಸೆಯ ಪೂರ್ತಿ ದಾಖಲೆಯ ಪ್ರತಿ ಬೇಕೆಂದು ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಒಂದು ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ. ಡಿಸ್ಚಾರ್ಜ್ ಸಮ್ಮರಿ ಮಾತ್ರ ಸಾಲದು. ಆ ಕಾಗದಗಳು, ಬಿಲ್, ಮುಂಗಡ ಕಟ್ಟಿದ ರಸೀದಿ, ಕಾರ್ಡಿನ ಪ್ರತಿ ಇಷ್ಟನ್ನು ಸೇರಿಸಿ ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಬರೆಯಿರಿ. ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ದೂರು ಕೇಳುವ ಪ್ರಾಧಿಕಾರ ಇದೆ. ಕಾರ್ಡ್ ನಿರಾಕರಿಸಿದ್ದರ ಬಗ್ಗೆ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೂ ಬರೆಯಿರಿ. ಯೋಜನೆಯ ಹಣ ಸೇರುವುದು ಆಸ್ಪತ್ರೆಗೆ, ರೋಗಿಯ ಕೈಗಲ್ಲ. ಅದಕ್ಕೇ ಕಟ್ಟಿದ ಹಣ ವಾಪಸ್ ಬರಬೇಕಿದ್ದರೆ ಈ ದಾರಿಯಲ್ಲೇ ಹೋಗಬೇಕು. ಖಂಡಿತ ಬರುತ್ತದೆ ಎಂದು ನಾನು ಆಸೆ ಹುಟ್ಟಿಸುವುದಿಲ್ಲ. ದೂರು ಕನ್ನಡದಲ್ಲೇ ಬರೆಯಿರಿ. ಒಂದು ಪುಟ ಸಾಕು. ದಿನ, ಗಂಟೆ, ಕೌಂಟರಿನಲ್ಲಿ ಹೇಳಿದ ಮಾತು, ಕಟ್ಟಿದ ಹಣ ಇಷ್ಟೇ ಇರಲಿ. ಬೈಗುಳ ಬೇಡ.

ಮಾತ್ರೆಯ ವಿಷಯ ಕೊನೆಗೆ ಬರೆದಿದ್ದೇನೆ, ಆದರೆ ಇವತ್ತೇ ಮಾಡಬೇಕಾದ್ದು ಇದು. ಮಾವನಿಗೆ ಒಂದೇ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆ ಇರುತ್ತವೆ. ಒಂದು ಆಸ್ಪಿರಿನ್. ಇನ್ನೊಂದು ಕ್ಲೊಪಿಡೊಗ್ರೆಲ್, ಇಲ್ಲವೇ ಟಿಕಾಗ್ರೆಲಾರ್ ಅಥವಾ ಪ್ರಾಸುಗ್ರೆಲ್. ಹೃದಯಾಘಾತದ ನಂತರ ಈ ಎರಡನ್ನೂ ಸಾಮಾನ್ಯವಾಗಿ ಒಂದು ವರ್ಷ ಒಟ್ಟಿಗೆ ತೆಗೆದುಕೊಳ್ಳಬೇಕು. ಮಧ್ಯದಲ್ಲಿ ಬಿಟ್ಟರೆ ಸ್ಟೆಂಟೇ ಮುಚ್ಚಿಹೋಗಬಹುದು. ಚೀಟಿ ಹಿಡಿದುಕೊಂಡು ಚಿಕಿತ್ಸೆ ಕೊಟ್ಟ ಡಾಕ್ಟರ ಹತ್ತಿರ ಹೋಗಿ, ‘ಇಷ್ಟು ಖರ್ಚು ನಮ್ಮಿಂದ ಆಗುವುದಿಲ್ಲ, ಕಡಿಮೆ ಬೆಲೆಯದು ಬರೆದು ಕೊಡಿ’ ಎಂದು ನೇರ ಹೇಳಿ. ಔಷಧಿಯ ಜನರಿಕ್ ಹೆಸರು ಓದಲು ಆಗುವಂತೆ ಬರೆಯಬೇಕೆಂದು ನಿಯಮವೇ ಇದೆ. ಜನೌಷಧಿ ಅಂಗಡಿಯಲ್ಲಿ ಇದರಲ್ಲಿ ಹೆಚ್ಚಿನವು ತುಂಬ ಕಡಿಮೆಗೆ ಸಿಗುತ್ತವೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಕೊಲೆಸ್ಟ್ರಾಲ್ ಮಾತ್ರೆ ಇವನ್ನು ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಬಿಪಿ, ಸಕ್ಕರೆ ಕಾಯಿಲೆಯಂಥ ಅಂಟದ ರೋಗಗಳ) ಕ್ಲಿನಿಕ್ಕಿನಲ್ಲಿ ಉಚಿತವಾಗಿ ಕೇಳಿ ನೋಡಿ. ಒಂದು ಮಾತ್ರೆಯ ಬದಲು ಇನ್ನೊಂದು ಜಾತಿಯದು ಹಾಕುವುದಾದರೆ ಅದನ್ನು ಡಾಕ್ಟರೇ ಹೇಳಬೇಕು, ಅಂಗಡಿಯವರಲ್ಲ. ಹೊಸ ಚೀಟಿ ಕೈಗೆ ಬರುವವರೆಗೆ ಈಗಿನ ಮಾತ್ರೆಯೇ ನಡೆಯಲಿ.